ಬೋರ್ಡು ಸರಿ, ಕೌಂಟರಿನ ಮಾತು? ವೇಲ್ಸ್‌ನ ಭಾಷಾ ಸಚಿವರಿಗೊಂದು ಪತ್ರ

ವೇಲ್ಸ್ ಸರ್ಕಾರದಲ್ಲಿ ವೆಲ್ಶ್ ಭಾಷೆಯ ಹೊಣೆ ಹೊತ್ತ ಸಚಿವರಿಗೆ,

ನಮಸ್ಕಾರ. ನಾನು ಕಾರ್ಡಿಫ್‌ನಲ್ಲಿರುವ ಕನ್ನಡಿಗ. ನನ್ನ ವೆಲ್ಶ್ ಇನ್ನೂ 'ಬೋರೆ ದಾ' (ಶುಭೋದಯ) ದಾಟಿಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಬಹುದಿತ್ತು, ಆದರೆ ಈ ವಿಷಯಕ್ಕೆ ಯಾಕೋ ಮನಸ್ಸು ಬರಲಿಲ್ಲ.

ಇಲ್ಲಿ ರಸ್ತೆ ಮೇಲೆ 'ಸ್ಲೋ' ಜೊತೆಗೆ 'ಅರಾವ್' ಅಂತಲೂ ಬರೆದಿರುತ್ತದೆ. ಕೌನ್ಸಿಲಿನ ಪತ್ರ ಎರಡೂ ಭಾಷೆಯಲ್ಲಿ ಬರುತ್ತದೆ. ಮೊದಲು 1993ರ ವೆಲ್ಶ್ ಭಾಷಾ ಕಾಯ್ದೆ, ಆಮೇಲೆ 2011ರ ಕಾನೂನು ಎರಡು ಭಾಷೆಯ ಸೇವೆಯನ್ನು ಸರ್ಕಾರಿ ಸಂಸ್ಥೆಗಳ ಹೊಣೆಯಾಗಿಸಿದವು. ಆದರೆ ಆ ಕಾನೂನು ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ನಿಂತುಬಿಡುತ್ತದೆ. ಬ್ಯಾಂಕಿನ ಬಾಗಿಲಲ್ಲೂ ಅಷ್ಟೇ. ನೀರು, ಗ್ಯಾಸ್, ಕರೆಂಟು, ಫೋನು, ರೈಲಿನಂಥ ಸೇವೆಗಳ ಹೆಸರು 2011ರ ಕಾನೂನಿನಲ್ಲಿದೆ, ನಿಜ. ಹೆಸರಿದ್ದರೆ ಸಾಲದು, ಒಂದೊಂದಕ್ಕೂ ಬೇರೆ ನಿಯಮ ಹೊರಡಿಸಬೇಕು. ನೀರಿನ ಕಂಪನಿಗಳ ಸರದಿ ಬರುವುದಕ್ಕೇ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು!

ಎಚ್‌ಎಸ್‌ಬಿಸಿ ಬ್ಯಾಂಕು 2024ರ ಆರಂಭದಲ್ಲಿ ತನ್ನ ವೆಲ್ಶ್ ಫೋನ್ ಸೇವೆ ನಿಲ್ಲಿಸಿತು. ದಿನಕ್ಕೆ ಸರಾಸರಿ 22 ಕರೆ ಮಾತ್ರ ಬರುತ್ತವೆ ಅನ್ನುವುದು ಅವರ ಲೆಕ್ಕ. ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಮಾಲ್‌ನಲ್ಲಿ ಅಂಗಡಿ ಹುಡುಗ ಇಂಗ್ಲಿಷಿನಲ್ಲಿ ಶುರು ಮಾಡುತ್ತಾನೆ. ನಾನೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತೇನೆ. ಬಿಲ್ ಆಗುವ ಹೊತ್ತಿಗೆ ಅವನಿಗೆ ಫೋನ್ ಬಂದು, 'ಅಮ್ಮಾ, ಊಟ ಆಯ್ತಾ' ಅಂತಾನೆ. ಇಬ್ಬರೂ ಕನ್ನಡದವರೇ! ಆ ಅಂಗಡಿಯ ಲೆಕ್ಕದಲ್ಲಿ ಅವತ್ತು ಕನ್ನಡ ಕೇಳಿದ ಗ್ರಾಹಕರು ಸೊನ್ನೆ. ಕೇಳುವವರಿಲ್ಲ ಅನ್ನುವ ಮೊದಲು, ಕೇಳಬಹುದು ಅಂತ ಯಾರಾದರೂ ಹೇಳಿದ್ದರಾ ಅಂತ ನೋಡಬೇಕಲ್ವಾ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ದೊಡ್ಡ ಸೂಪರ್‌ಮಾರ್ಕೆಟ್ ಸರಣಿಗಳು, ಬ್ಯಾಂಕುಗಳನ್ನು ಕಾನೂನಿನೊಳಗೆ ತನ್ನಿ. ಫೋನ್ ಕಂಪನಿಗಳ ಹೆಸರು ಹೇಗೂ ಇದೆ, ನಿಯಮ ಬೇಗ ಹೊರಡಿಸಿ. ಖರ್ಚಿನ ಮಾತು ಬಂದೇ ಬರುತ್ತದೆ. ಆದರೆ ಇಲ್ಲಿನ ಎಷ್ಟೋ ದೊಡ್ಡ ಅಂಗಡಿಗಳು ಯಾರ ಬಲವಂತವೂ ಇಲ್ಲದೆ ಎರಡು ಭಾಷೆಯ ಬೋರ್ಡು ಹಾಕಿಕೊಂಡಿವೆ. ಅವರ ಕೈಲಾಗದ ಕೆಲಸವೇನಲ್ಲ.

ಮೀನು-ಚಿಪ್ಸ್ ಮಾರುವವರನ್ನು, ಕ್ಷೌರದಂಗಡಿಯವರನ್ನು ಮಾತ್ರ ಸುಮ್ನೆ ಬಿಟ್ಟುಬಿಡಿ. ಅವರಿಗೆ ನಿಮ್ಮದೇ 'ಹೆಲೋ ಬ್ಲಾಡ್' ಸೇವೆ ಇದೆ, ಪುಕ್ಕಟೆಯಾಗಿ ಅನುವಾದ ಮಾಡಿಕೊಡುತ್ತದೆ. ಅದು ಇರುವುದು ಎಷ್ಟು ಅಂಗಡಿಯವರಿಗೆ ಗೊತ್ತು, ಒಮ್ಮೆ ವಿಚಾರಿಸಿ.

ನಮ್ಮೂರಿನ ಅನುಭವದಿಂದ ಇನ್ನೊಂದು ಮಾತು. ಕರ್ನಾಟಕ 2024ರಲ್ಲಿ ಕಾನೂನು ತಿದ್ದಿ, ನಾಮಫಲಕದಲ್ಲಿ 60% ಕನ್ನಡ ಇರಲೇಬೇಕು ಅಂದಿತು. ನಾನು ಅದರ ಪರವೇ. ಆದರೆ ಬೋರ್ಡು ಬದಲಾದ ಅಂಗಡಿಯೊಳಗೆ ಹೋದರೆ ಮಾತು ಹಿಂದಿನಂತೆಯೇ ಇರುತ್ತದೆ. ಅಕ್ಷರದ ಅಳತೆ ಹಿಡಿಯುವುದು ಸುಲಭ, ಕೌಂಟರಿನ ಮಾತು ಕಷ್ಟ. ನೀವು ಕಷ್ಟದ್ದರಿಂದ ಶುರು ಮಾಡಿ. ವೆಲ್ಶ್ ಬಲ್ಲ ಸಿಬ್ಬಂದಿ ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಬ್ಯಾಡ್ಜ್ ಇದೆಯಲ್ಲ, ಅದನ್ನು ಕಂಡರೆ ಗ್ರಾಹಕರಿಗೆ ಬಾಯಿ ಬರುತ್ತದೆ. ಅದನ್ನು ಕೊಡುವುದು, ಮೊದಲ ಮಾತು ವೆಲ್ಶ್‌ನಲ್ಲಿ ಆಡುವುದು ದೊಡ್ಡ ಕಂಪನಿಗಳ ಹೊಣೆಯಾಗಲಿ.

2021ರ ಜನಗಣತಿಯಲ್ಲಿ ವೆಲ್ಶ್ ಬಲ್ಲವರು 17.8%, ಅಂದರೆ ಸುಮಾರು 5.38 ಲಕ್ಷ ಜನ. 2050ಕ್ಕೆ ಹತ್ತು ಲಕ್ಷ ಮಾಡುತ್ತೇವೆ ಅನ್ನುತ್ತೀರಿ. ಶಾಲೆಯಲ್ಲಿ ಕಲಿತ ಮಗು ಸಂಜೆ ಅಮ್ಮನ ಜೊತೆ ಹಾಲು ತರಲು ಹೋಗುವುದು ಈ ಸೂಪರ್‌ಮಾರ್ಕೆಟ್‌ಗೇ. ಅಲ್ಲಿ ಅದಕ್ಕೆ ಯಾವ ಭಾಷೆ ಕೇಳಿಸುತ್ತದೆ? ಇದಕ್ಕೆ ನಿಮ್ಮ ಉತ್ತರ ಬೇಕು. ವೆಲ್ಶ್‌ನಲ್ಲೇ ಬರೆಯಿರಿ, ಯಾರ ಹತ್ತಿರವಾದರೂ ಓದಿಸಿಕೊಳ್ಳುತ್ತೇನೆ.

ಇಂತಿ,
ಕಾರ್ಡಿಫ್‌ನ ಒಬ್ಬ ಕನ್ನಡಿಗ ಗ್ರಾಹಕ