ಟೊಮೆಟೊ ಬೆಳೆಗಾರನ ಕೈಯಲ್ಲಿ ರಸೀದಿಯೇ ಇಲ್ಲ

ಮಾನ್ಯ ಸಂಪಾದಕರೇ,

ಬೆಲೆ ಕುಸಿದು ಟೊಮೆಟೊವನ್ನು ರಸ್ತೆಬದಿಗೆ ಸುರಿದ ಚಿತ್ರ ವರ್ಷಕ್ಕೊಮ್ಮೆಯಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಕೋಲಾರ ಜಿಲ್ಲೆಯಲ್ಲಿ ಬಹುಕಾಲದಿಂದ ಇದೇ ಬೆಳೆಯನ್ನು ನಂಬಿರುವ ನಾನು, ಆ ಚಿತ್ರದ ಹಿಂದಿರುವ ಒಂದು ಸಣ್ಣ ಕಾಗದದ ಬಗ್ಗೆ ಬರೆಯಬಯಸುತ್ತೇನೆ.

2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಎಲೆ ಸುರುಳಿ ರೋಗ ಬಡಿದು ತೋಟಗಳು ಹಾಳಾಗಿದ್ದರಿಂದ ಆ ಬೆಲೆ ಸಿಕ್ಕವರು ಕೆಲವರೇ. ಆದರೂ ಟೊಮೆಟೊ ಬೆಳೆದವರೆಲ್ಲ ಕೋಟ್ಯಧಿಪತಿಗಳಾದರೆಂದು ಟಿವಿ ವಾಹಿನಿಗಳು ಸಾರಿದವು. ಆಗ ಕೇಂದ್ರ ಸರ್ಕಾರ ತೋರಿದ ಚುರುಕುತನ ನೆನಪಿಡುವಂಥದ್ದು. ರಾಷ್ಟ್ರಮಟ್ಟದ ಸಹಕಾರಿ ಮಾರಾಟ ಸಂಸ್ಥೆಗಳಾದ ನಾಫೆಡ್ ಮತ್ತು ಎನ್‌ಸಿಸಿಎಫ್ ಸಂಸ್ಥೆಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಹಣ್ಣು ಕೊಂಡು ದೆಹಲಿಯಲ್ಲಿ ಕಿಲೊಗೆ 90 ರೂಪಾಯಿಯಂತೆ ಮಾರಲು ತೊಡಗಿ, ಒಂದು ವಾರದೊಳಗೆ ಅದನ್ನು 70ಕ್ಕೆ ಇಳಿಸಿದವು. ಆಗಸ್ಟಿನಲ್ಲಿ ನೇಪಾಳದಿಂದಲೂ ಟೊಮೆಟೊ ಬಂತು. ಗ್ರಾಹಕರಿಗೆ ಆದ ಆ ಅನುಕೂಲದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮುಂದಿನ ಒಂದೆರಡು ತಿಂಗಳಲ್ಲೇ ದರ ನೆಲಕಚ್ಚಿದಾಗ ಹಾಗೆ ಹಣ್ಣು ಕೊಳ್ಳುವ ಲಾರಿಗಳು ನಮ್ಮ ಕಡೆ ತಿರುಗಿ ನೋಡಲಿಲ್ಲ.

ಟೊಮೆಟೊ ಸಾಲ ಮಾಡಿಯೇ ಬೆಳೆಯುವ ಬೆಳೆ. ನರ್ಸರಿಯ ಸಸಿ, ಮಲ್ಚಿಂಗ್ ಹಾಳೆ, ಹನಿ ನೀರಾವರಿಯ ಪೈಪು, ಸಾವಿರಾರು ಕಡ್ಡಿಗಳು, ದಾರ, ದಾರ ಕಟ್ಟುವ ಕೂಲಿ, ವಾರಕ್ಕೊಮ್ಮೆಯಾದರೂ ಔಷಧಿ, ಸಾವಿರ ಅಡಿಗೂ ಕೆಳಗಿನಿಂದ ಬರುವ ಕೊಳವೆಬಾವಿಯ ನೀರು: ಇಷ್ಟನ್ನೂ ಮೊದಲ ಕಾಯಿ ಕೀಳುವ ಮುನ್ನವೇ ಹೊಂದಿಸಬೇಕು. ಕಟಾವು ಶುರುವಾದ ಮೇಲೆ ದರ ಇಳಿದಿದೆಯೆಂದು ನಾಲ್ಕು ದಿನ ಕಾಯುವಂತಿಲ್ಲ. ಬಾಕ್ಸಿನ ದರ ಕೀಳುವ ಕೂಲಿ ಮತ್ತು ಟೆಂಪೊ ಬಾಡಿಗೆಗೂ ಸಾಲದೆ ಹೋದ ದಿನ, ತೋಟಕ್ಕೆ ಕುರಿ ಬಿಡುವುದೇ ಲೆಕ್ಕಕ್ಕೆ ಸರಿಯಾದ ನಿರ್ಧಾರವಾಗುತ್ತದೆ.

ಇದಕ್ಕೆ ದಾರಿಯೇ ಇಲ್ಲವೆನ್ನುವಂತಿಲ್ಲ. ಬೆಂಬಲ ಬೆಲೆಯಿಲ್ಲದ ಬೆಳೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯ 2025ರ ಪರಿಷ್ಕೃತ ನಿಯಮಗಳ ಪ್ರಕಾರ, ಹಿಂದಿನ ಸಾಮಾನ್ಯ ವರ್ಷಕ್ಕಿಂತ ಬೆಲೆ ಶೇ 10ರಷ್ಟು ಕುಸಿದರೆ, ಸರ್ಕಾರ ಹಣ್ಣನ್ನು ಕೊಳ್ಳದೆಯೇ ಬೆಲೆ ವ್ಯತ್ಯಾಸದ ಹಣವನ್ನು ರೈತನ ಖಾತೆಗೆ ನೇರವಾಗಿ ಹಾಕಬಹುದು. ಅದೇ ವರ್ಷ ನಮ್ಮ ರಾಜ್ಯದ ತೋತಾಪುರಿ ಮಾವಿಗೆ ಈ ಯೋಜನೆ ಅನ್ವಯವಾಯಿತು. ಟೊಮೆಟೊಗೂ ಆಗಲಿ ಎಂದು ಕೇಳುವುದು ಸುಲಭ. ಆದರೆ ವ್ಯತ್ಯಾಸ ಕಟ್ಟಿಕೊಡಬೇಕಾದರೆ, ನಾನು ಯಾವ ದಿನ, ಎಷ್ಟು ಬಾಕ್ಸು, ಯಾವ ದರಕ್ಕೆ ಮಾರಿದೆನೆಂಬ ದಾಖಲೆ ಬೇಕಲ್ಲವೇ?

ಇಲ್ಲಿಗೇ ಬರುತ್ತದೆ ಆ ಬಿಳಿ ಚೀಟಿ. ನಾನು ಹಣ್ಣು ಹಾಕುತ್ತಿದ್ದ ಒಂದು ಮಂಡಿಯಲ್ಲಿ ವರ್ಷಗಟ್ಟಲೆ ನನಗೆ ಸಿಕ್ಕಿದ್ದು ಹೆಸರು, ಮೊಹರು ಯಾವುದೂ ಇಲ್ಲದ, ಪೆನ್ಸಿಲಿನಲ್ಲಿ ಗೀಚಿದ ತುಂಡು ಕಾಗದ. ಅದರಲ್ಲಿ ಒಟ್ಟು ಮೊತ್ತದಿಂದ ದಲಾಲಿ ಮುರಿದುಕೊಂಡು ಉಳಿದದ್ದನ್ನು ಬರೆದಿರುತ್ತಿದ್ದರು. ನಿಯಮದಂತೆ ದಲಾಲಿ ಕೊಡಬೇಕಾದವನು ಕೊಳ್ಳುವವನೇ ಹೊರತು ಬೆಳೆದವನಲ್ಲ. ಒಮ್ಮೆ ಹಾಗೆಂದು ಕೇಳಿದ್ದಕ್ಕೆ, ಹೋದ ಬೆಳೆಗೆ ಕೊಟ್ಟ ಮುಂಗಡವನ್ನು ನೆನಪಿಸಿದರು, ನಾನು ಸುಮ್ಮನಾದೆ. ಬಿತ್ತನೆಗೆ ಸಾಲ ಕೊಟ್ಟವನೇ ಹರಾಜು ಕೂಗುವಾಗ ಯಾರು ತಾನೇ ಬಾಯಿ ಬಿಡುತ್ತಾರೆ? ಆ ಚೀಟಿಯನ್ನು ಹಿಡಿದುಕೊಂಡು ಯಾವ ಕಚೇರಿಗೆ ಹೋದರೂ ನಾನು ಟೊಮೆಟೊ ಮಾರಿದೆನೆಂದೇ ಸಾಬೀತಾಗುವುದಿಲ್ಲ.

ಕೆಚಪ್ ಕಾರ್ಖಾನೆ ಬಂದರೆ ಎಲ್ಲ ಸರಿಹೋಗುತ್ತದೆಂಬ ಮಾತೂ ಆಗಾಗ ಕೇಳಿಬರುತ್ತದೆ. ನಾವು ಬೆಳೆಯುವುದು ದೂರದ ಊರಿಗೆ ಲಾರಿಯಲ್ಲಿ ಹೋಗಿಯೂ ಒಡೆಯದ, ಗಟ್ಟಿ ಸಿಪ್ಪೆಯ ಹಣ್ಣು. ಕಾರ್ಖಾನೆಗೆ ಬೇಕಾದ್ದು ತಿರುಳು ಹೆಚ್ಚಿರುವ ತಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಶೇಷ್, ಅರ್ಕಾ ಅಪೇಕ್ಷಾ ತಳಿಗಳು ಅದಕ್ಕೆಂದೇ ಬಂದಿವೆಯಾದರೂ, ಮುಂಚಿತ ಖರೀದಿ ಒಪ್ಪಂದವಿಲ್ಲದೆ ಅವನ್ನು ಹಾಕುವ ಧೈರ್ಯ ಯಾರಿಗೂ ಇಲ್ಲ.

ಆದ್ದರಿಂದ ಸರ್ಕಾರದಲ್ಲಿ ನನ್ನ ಕೋರಿಕೆ ಒಂದೇ. ಬೆಂಬಲ ಬೆಲೆಯ ಚರ್ಚೆ ಅದರ ಪಾಡಿಗೆ ನಡೆಯಲಿ. ಅಷ್ಟರೊಳಗೆ ಹರಾಜು ಮುಗಿದ ಕೂಡಲೇ ತೂಕ, ದರ ಮತ್ತು ಕಡಿತಗಳನ್ನು ನಮೂದಿಸಿದ ಮುದ್ರಿತ ರಸೀದಿ ಬೆಳೆಗಾರನ ಕೈಸೇರುವಂತೆ, ಅದರ ಪ್ರತಿ ಎಪಿಎಂಸಿಯ ಕಂಪ್ಯೂಟರಿನಲ್ಲಿ ಉಳಿಯುವಂತೆ ಕಟ್ಟುನಿಟ್ಟಾಗಿ ಜಾರಿಮಾಡಲಿ. ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ.

— ಒಬ್ಬ ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು