ಭಾನುವಾರದ ಯೋಹಾನಿಸ್‌ಬರ್ಗ್ ಪ್ರವಾಸ: ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಾವು ಹೋಗುತ್ತಿರುವುದು ರೈನ್ ನದಿಯ ಪಕ್ಕದ ಗುಡ್ಡದ ಮೇಲಿರುವ ಯೋಹಾನಿಸ್‌ಬರ್ಗ್ ಅರಮನೆಗೆ, ಅದರ ವೈನ್ ದ್ರಾಕ್ಷಿ ತೋಟಕ್ಕೆ. ಭಾನುವಾರ ಬೆಳಿಗ್ಗೆ 9 ಗಂಟೆಗೆ ಫ್ರಾಂಕ್‌ಫರ್ಟ್ ಮುಖ್ಯ ನಿಲ್ದಾಣದಲ್ಲಿ ಸೇರೋಣ. ಗೈಸನ್‌ಹೈಮ್‌ನಲ್ಲಿ ಇಳಿದು ದ್ರಾಕ್ಷಿ ತೋಟಗಳ ನಡುವೆ ಗುಡ್ಡ ಹತ್ತಬೇಕು. ಏರು ಚೆನ್ನಾಗಿಯೇ ಇದೆ, ಒಳ್ಳೆಯ ಶೂ ಹಾಕಿಕೊಳ್ಳಿ. ಅಪ್ಪ ಅಮ್ಮಂದಿರನ್ನು ಕರೆತರುವವರು ಇವತ್ತೇ ತಿಳಿಸಿ, ಅವರಿಗೆ ಟ್ಯಾಕ್ಸಿ ಹೇಳಿಡುತ್ತೇನೆ.

ಹೋಗುವ ಮುಂಚೆ ಆ ಜಾಗದ ಕಥೆ ಸ್ವಲ್ಪ ಗೊತ್ತಿರಲಿ. ಮೊದಲು ಅಲ್ಲಿದ್ದದ್ದು ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. 1720ರಲ್ಲಿ ಗುಡ್ಡದ ತುಂಬ ರೀಸ್ಲಿಂಗ್ ಎಂಬ ಬಿಳಿ ವೈನ್ ದ್ರಾಕ್ಷಿಯ ಬಳ್ಳಿ ನೆಟ್ಟರು. ಆಗ ಒಡೆತನ ಫುಲ್ಡಾ ಎಂಬ ಊರಿನ ಮಠಾಧಿಪತಿಗಳದ್ದು; ಅವರ ಅಪ್ಪಣೆ ಬಾರದೆ ಕೊಯ್ಲು ಮಾಡುವಂತಿರಲಿಲ್ಲ. 1775ರಲ್ಲಿ ಅಪ್ಪಣೆ ತರಬೇಕಿದ್ದ ಸವಾರ ತಡಮಾಡಿದ, ಹಣ್ಣಿಗೆ ಬೂಷ್ಟು ಹಿಡಿಯಿತು. ಆದರೂ ಕೊಯ್ದು ಹಿಂಡಿದರು. ಆ ವೈನ್ ಎಲ್ಲಕ್ಕಿಂತ ರುಚಿಯಾಯಿತು! ತಡವಾದ ಕೊಯ್ಲಿನ 'ಶ್ಪೇಟ್‌ಲೇಸೆ' ಹುಟ್ಟಿದ್ದು ಹೀಗೆ ಅಂತ ಅಲ್ಲಿಯವರು ಹೇಳುತ್ತಾರೆ. ಆ ಸವಾರನ ಪ್ರತಿಮೆ ಅಂಗಳದಲ್ಲೇ ಇದೆ, ಮಕ್ಕಳಿಗೆ ತಪ್ಪದೆ ತೋರಿಸಿ.

1942ರ ಬಾಂಬ್ ದಾಳಿಯಲ್ಲಿ ಅರಮನೆ ಸುಟ್ಟು ಹೋಗಿತ್ತು. ಈಗ ಕಾಣುವುದು ಮತ್ತೆ ಕಟ್ಟಿದ್ದು. ನನಗಂತೂ ಇದನ್ನು ತಿಳಿದ ಮೇಲೆ ಆ ಹಳದಿ ಗೋಡೆಗಳ ಮೇಲೆ ಗೌರವ ಹೆಚ್ಚಾಯಿತು.

ಒಂದು ಕಳಕಳಿಯ ಮನವಿ: ಅದು ಇವತ್ತಿಗೂ ದುಡಿಯುವ ತೋಟ. ಬಳ್ಳಿ ಸಾಲುಗಳೊಳಗೆ ನುಗ್ಗಬೇಡಿ, ಒಂದು ಹಣ್ಣನ್ನೂ ಕೀಳಬೇಡಿ. ನಮ್ಮೂರ ತೋಟದಲ್ಲಿ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ!

ವೈನ್ ಇಡುವ ನೆಲಮಾಳಿಗೆ ನೋಡುವ ಆಸೆಯಿದ್ದರೆ ಮುಂಗಡ ಕಾದಿರಿಸಬೇಕು, ಗುರುವಾರದೊಳಗೆ ಹೆಸರು ಕೊಡಿ. ವೈನ್ ಕುಡಿಯದವರೂ ಧಾರಾಳವಾಗಿ ಬನ್ನಿ. ಮೇಲಿನಿಂದ ಕಾಣುವ ರೈನ್ ನದಿಯೇ ಸಾಕು. ಪುಳಿಯೋಗರೆ ನಾನು ತರುತ್ತೇನೆ, ಮೊಸರನ್ನಕ್ಕೆ ಯಾರಾದರೂ ಕೈ ಎತ್ತಿ.