ಸರಳ ಮದುವೆಯ ಚರ್ಚೆಯಲ್ಲಿ ಬಿಟ್ಟುಹೋದ ಮಾತು

ಮಾನ್ಯ ಸಂಪಾದಕರಿಗೆ,

ಮದುವೆಯ ದುಂದುವೆಚ್ಚದ ಕುರಿತು ಓದುಗರ ಪತ್ರಗಳು ಆಗಾಗ ಪ್ರಕಟವಾಗುತ್ತಿರುತ್ತವೆ. ಸಾಲ ಮಾಡಿ ಮಗಳ ಮದುವೆ ಮಾಡಿದ ತಂದೆ ತೋಟವನ್ನು ಅಡವಿಡಬೇಕಾಗಿ ಬರುವುದು, ಎಲೆಗೆ ಬಡಿಸಿದ್ದರಲ್ಲಿ ಅರ್ಧಕ್ಕರ್ಧ ತಿಪ್ಪೆ ಸೇರುವುದು, ಇವೆಲ್ಲ ಮತ್ತೆ ಮತ್ತೆ ಬರೆಯಬೇಕಾದ ವಿಷಯಗಳೇ. ಆದರೆ ಸರಳ ಮದುವೆಯೆಂದರೆ ಹಣ ಉಳಿಸುವ ಒಂದು ಉಪಾಯ ಎನ್ನುವಲ್ಲಿಗೇ ಚರ್ಚೆ ನಿಂತುಬಿಡುತ್ತದೆ. ಮದುವೆಯಾದ ಇಬ್ಬರಿಗೆ ಆ ದಿನದಿಂದ ಏನು ಉಳಿಯುತ್ತದೆ, ವರ್ಷ ವರ್ಷವೂ ಆ ದಿನಾಂಕ ಮರಳಿ ಬಂದಾಗ ಅವರು ನೆನೆಯುವುದಾದರೂ ಏನನ್ನು ಎಂಬುದರ ಬಗ್ಗೆ ಯಾರೂ ಬರೆದಂತೆ ಕಾಣೆ. ಆ ಬಗ್ಗೆ ನನ್ನ ಅನುಭವದಿಂದ ನಾಲ್ಕು ಮಾತು ಹೇಳಲು ಈ ಪತ್ರ.

ನಮ್ಮ ಮದುವೆ 1987ರ ಏಪ್ರಿಲ್‌ನಲ್ಲಿ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಂಗಳದಲ್ಲಿ, ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ವಿಧಾನದಲ್ಲಿ ನಡೆಯಿತು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಹೀಗೆಯೇ ನೆರವೇರಿಸಿದ್ದರು. ಮುಂದೆ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಈ ಪದ್ಧತಿಯನ್ನು ಹಳ್ಳಿ ಹಳ್ಳಿಗೆ ಒಯ್ದಿದ್ದರಿಂದ, ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಹಸಿರು ಶಾಲು ಹೊದ್ದ ಹಿರಿಯರೇ ಮುಂದೆ ನಿಂತು ವಧೂವರರಿಗೆ ಪ್ರತಿಜ್ಞೆ ಬೋಧಿಸುತ್ತಿದ್ದ ಕಾಲ ಅದು. ರಾಹುಕಾಲ, ಗುಳಿಕಕಾಲಗಳ ಗೊಡವೆಯಿಲ್ಲ, ವರದಕ್ಷಿಣೆಯಿಲ್ಲ, ಉಡುಗೊರೆಯಿಲ್ಲ, ಓಲಗವಿಲ್ಲ. ಗಂಡು ಹೆಣ್ಣು ಸಮಾನರು, ಹುಟ್ಟಿನ ಕಾರಣಕ್ಕೆ ಯಾರೂ ಮೇಲಲ್ಲ, ಕೀಳಲ್ಲ ಎಂಬ ಅರ್ಥದ ಮಾತುಗಳನ್ನು ನಾವಿಬ್ಬರೂ ನಮಗೆ ತಿಳಿಯುವ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆವು.

ಆ ದಿನದ ಹಾರಗಳು ಸುರಗಿ ಹೂವಿನವು. ಹಿಂದಿನ ದಿನ ಮರದ ಕೆಳಗೆ ಹಳೆಯ ಸೀರೆ ಹಾಸಿ, ಕೊಂಬೆ ಅಲುಗಿಸಿ ಬೀಳಿಸಿದ ಹೂವನ್ನು ನನ್ನ ಚಿಕ್ಕಮ್ಮಂದಿರು ರಾತ್ರಿ ಬಾಳೆನಾರಿನಲ್ಲಿ ಕಟ್ಟಿದ್ದರು. ಸುರಗಿ ಒಣಗಿದರೂ ಪರಿಮಳ ಬಿಡದ ಹೂವೆಂಬುದು ಮಲೆನಾಡಿನವರಿಗೆಲ್ಲ ಗೊತ್ತಿದೆ. ನಮ್ಮ ಹಾರಗಳು ಟ್ರಂಕಿನಲ್ಲಿ ಸೀರೆಗಳ ನಡುವೆ ಬಹಳ ಕಾಲ ಇದ್ದವು. ಊಟಕ್ಕೆ ಹಲಸಿನಕಾಯಿ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಹೆಸರುಬೇಳೆ ಪಾಯಸ. ನೆಂಟರೆಂದರೆ ಎರಡು ಮನೆಯವರು, ಕೇರಿಯವರು, ನನ್ನ ಯಜಮಾನರ ಕೆಲವು ಗೆಳೆಯರು. ಬಂದವರಲ್ಲಿ ಒಬ್ಬೊಬ್ಬರ ಮುಖವೂ, ಅವರು ಕುಳಿತ ಜಾಗವೂ, ಆಡಿದ ಮಾತೂ ನನಗೆ ಇಂದಿಗೂ ನೆನಪಿದೆ, ಏಕೆಂದರೆ ಅವರೆಲ್ಲರನ್ನೂ ಮಾತನಾಡಿಸುವಷ್ಟು ಹೊತ್ತು ನಮಗಿತ್ತು. ವೇದಿಕೆಯ ಮೇಲೆ ಗಂಟೆಗಟ್ಟಲೆ ನಿಂತು, ಗುರುತಿಲ್ಲದವರಿಗೂ ಕೈಮುಗಿದು, ಫೋಟೊದವರು ಹೇಳಿದ ಕಡೆಗೆ ಮುಖ ತಿರುಗಿಸಿ ಸುಸ್ತಾಗುವ ಇಂದಿನ ವಧೂವರರನ್ನು ಕಂಡಾಗ ನನಗೆ ಮರುಕವಾಗುತ್ತದೆ. ತಮ್ಮದೇ ಮದುವೆಯನ್ನು ನೋಡುವ ಅವಕಾಶ ಅವರಿಗೆ ಸಿಗುವುದಿಲ್ಲ.

ನಮ್ಮ ಜಾತಕ ತೋರಿಸಿರಲಿಲ್ಲ, ಸಾಲಾವಳಿ ನೋಡಿರಲಿಲ್ಲ. ಅಭಿರುಚಿಗಳ ಸಾಲಾವಳಿ ನೋಡಿದ್ದರೆ ಅದಂತೂ ಕೂಡಿಬರುತ್ತಿರಲಿಲ್ಲ ಎಂದೇ ಹೇಳಬೇಕು. ನನ್ನ ಯಜಮಾನರಿಗೆ ಬೆಳಗಾಗುವವರೆಗೆ ಕುಳಿತು ಯಕ್ಷಗಾನ ನೋಡುವ ಹುಚ್ಚು. ನನಗೆ ಚಂಡೆಯ ಸದ್ದೆಂದರೆ ತಲೆನೋವು. ನನಗೆ ಕಾದಂಬರಿ ಕೈಗೆ ಸಿಕ್ಕರೆ ಸಾಕು; ಅವರು ಪತ್ರಿಕೆಯ ಆಚೆಗೆ ಏನನ್ನೂ ಓದಿದವರಲ್ಲ. ಇದು ಬದಲಾಗಿದ್ದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಕೊಯ್ಲಿನ ಕಾಲದಲ್ಲಿ ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಕುಳಿತರೆ ನಡುರಾತ್ರಿಯವರೆಗೂ ಕೈಗೆ ಬಿಡುವಿರುವುದಿಲ್ಲ, ಕಿವಿಗೆ ಮಾತ್ರ ಕೆಲಸವಿರುವುದಿಲ್ಲ. ಮದುವೆಯಾದ ಮೊದಲ ವರ್ಷ, ನಿದ್ದೆ ತೂಗದಿರಲೆಂದು ನಾನು ಓದುತ್ತಿದ್ದ ಪುಸ್ತಕವನ್ನೇ ಗಟ್ಟಿಯಾಗಿ ಓದತೊಡಗಿದೆ. ಅವರು ಸುಲಿಯುತ್ತಲೇ ಕೇಳಿದರು, ಅಧ್ಯಾಯ ಮುಗಿದಾಗ ಮುಂದೇನಾಯಿತೆಂದು ವಿಚಾರಿಸಿದರು. ಕೆಲವು ಕಾಲದ ಮೇಲೆ ಪುಸ್ತಕ ಅವರ ಕೈಗೂ, ಮೆಟ್ಟುಗತ್ತಿ ನನ್ನ ಮುಂದಕ್ಕೂ ಬಂದವು. ಕುಮಾರವ್ಯಾಸನ ಭಾರತವನ್ನು ನಾವು ಓದಿದ್ದು ಹೀಗೆ, ಪರ್ವದಿಂದ ಪರ್ವಕ್ಕೆ, ಕೊಯ್ಲಿನಿಂದ ಕೊಯ್ಲಿಗೆ. ಅದರ ಕಥೆಗಳು ಮನಸ್ಸಿನಲ್ಲಿ ಕೂತ ಮೇಲೆ ಯಕ್ಷಗಾನದ ಪ್ರಸಂಗಗಳೂ ನನಗೆ ತಾವಾಗಿಯೇ ಹತ್ತಿರವಾದವು. ಕರ್ಣ ಪರ್ವ ಗೊತ್ತಿದ್ದವರಿಗೆ ಕರ್ಣನ ಪಾತ್ರಧಾರಿ ರಂಗಕ್ಕೆ ಬಂದಾಗ ನಿದ್ದೆ ಬರುವುದಾದರೂ ಹೇಗೆ? ಮುಂದೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ತಿರುಗಾಟದ ನಾಟಕಗಳು ತೀರ್ಥಹಳ್ಳಿಗೋ ಸಾಗರಕ್ಕೋ ಬಂದಾಗ ಒಟ್ಟಿಗೆ ಹೋಗಿ ನೋಡುವುದು ಮನೆಯ ರೂಢಿಯಾಯಿತು. ಹಿಂದಿರುಗುವ ದಾರಿಯುದ್ದಕ್ಕೂ ನಾಟಕದ ಬಗ್ಗೆ ಜಗಳವಾಡುವುದೂ ಅಷ್ಟೇ ರೂಢಿಯಾಯಿತು, ಅದು ನನಗೆ ನಾಟಕದಷ್ಟೇ ಇಷ್ಟ. ಅಭಿರುಚಿ ಹೊಂದುವ ಸಂಗಾತಿಯನ್ನು ಹುಡುಕುತ್ತಿದ್ದೇವೆಂದು ಇಂದಿನ ಯುವಕ ಯುವತಿಯರು ಹೇಳುವಾಗ, ಹೊಂದಿಕೆಯನ್ನು ಮದುವೆಗೆ ಮೊದಲೇ ಪೂರ್ತಿ ಮುಗಿದಿರಬೇಕಾದ ಸಂಗತಿಯೆಂದು ಅವರು ಭಾವಿಸಬಾರದೆಂದು ನನ್ನ ಕೋರಿಕೆ. ಒಬ್ಬರ ಇಷ್ಟದ ಪಕ್ಕದಲ್ಲಿ ಇನ್ನೊಬ್ಬರು ತಾಳ್ಮೆಯಿಂದ ಕುಳಿತರೆ ಅದು ನಿಧಾನವಾಗಿ ಇಬ್ಬರದೂ ಆಗುತ್ತದೆ.

ಇನ್ನು ವಾರ್ಷಿಕೋತ್ಸವದ ಮಾತು. ನನ್ನ ತಾಯಿಗೆ ತನ್ನ ಮದುವೆಯ ತಾರೀಖು ಗೊತ್ತಿರಲಿಲ್ಲ. ಅವರ ತಲೆಮಾರಿನಲ್ಲಿ ಆ ದಿನವನ್ನು ಆಚರಿಸುವ ವಾಡಿಕೆಯೇ ಇರಲಿಲ್ಲ. ಗಂಡನ ಆಯುಷ್ಯಕ್ಕಾಗಿ ಹೆಣ್ಣೊಬ್ಬಳೇ ವ್ರತ ಹಿಡಿಯುವ ಭೀಮನ ಅಮಾವಾಸ್ಯೆ ಇತ್ತು. ಇಬ್ಬರೂ ಸಮಾನವಾಗಿ ಕುಳಿತು ನೆನೆಯುವ ದಿನವೊಂದು ನಮ್ಮ ಕಾಲಕ್ಕೆ ದೊರಕಿದ್ದು ಒಳ್ಳೆಯದೇ ಎಂದು ನಾನು ನಂಬಿದ್ದೇನೆ. ಆ ದಿನ ನಾವು ಮಾಡುವುದಿಷ್ಟೇ: ನಮ್ಮ ಮದುವೆಯಲ್ಲಿ ಪ್ರತಿಜ್ಞೆ ಬೋಧಿಸಿದ ಮೇಷ್ಟ್ರು ತಮ್ಮ ಕೈಬರಹದಲ್ಲಿ ಬರೆದುಕೊಟ್ಟಿದ್ದ ಹಾಳೆಯನ್ನು ತೆಗೆದು ಇಬ್ಬರೂ ಒಮ್ಮೆ ಓದುತ್ತೇವೆ. ಸಾಧ್ಯವಾದ ವರ್ಷ ಕುವೆಂಪು ಅವರ ಊರಾದ ಕುಪ್ಪಳಿಗೆ ಹೋಗಿ ಕವಿಶೈಲದ ಬಂಡೆಗಳ ಮೇಲೆ ಸಂಜೆಯವರೆಗೆ ಕುಳಿತು ಬರುತ್ತೇವೆ. ಆ ಹಾಳೆಯ ಓದು ಬರೀ ಶಾಸ್ತ್ರವಲ್ಲ. ಸಮಾನತೆಯ ಮಾತು ಬಂದ ಕಡೆ ಒಂದು ವರ್ಷ ನಾನು ಓದುವುದನ್ನು ನಿಲ್ಲಿಸಿ, ಶಾಲೆಯಲ್ಲಿ ಪಾಠ ಮಾಡಿ ಬಂದ ಮೇಲೂ ಅಡುಗೆಮನೆ ನನ್ನೊಬ್ಬಳದೇ ಆಗಿರುವುದು ಹೇಗೆ ಸರಿ ಎಂದು ಕೇಳಿದ್ದೆ. ಅವರು ಉತ್ತರ ಹೇಳಲಿಲ್ಲ. ಮಾರನೆಯ ದಿನದಿಂದ ಬೆಳಗಿನ ತಿಂಡಿ ಅವರದಾಯಿತು, ಇಂದಿಗೂ ಅವರದೇ.

ಹೀಗಿರುವಾಗ ಇತ್ತೀಚೆಗೆ ಕಾಣುವ ಒಂದು ಬೆಳವಣಿಗೆ ನನ್ನನ್ನು ನೋಯಿಸುತ್ತದೆ. ಬೆಳಿಗ್ಗೆ ಮಂತ್ರ ಮಾಂಗಲ್ಯದಲ್ಲಿ ಸರಳವಾಗಿ ಮದುವೆಯಾಗಿ, ಸಂಜೆ ಸಾವಿರಾರು ಜನರಿಗೆ ಆರತಕ್ಷತೆ ಏರ್ಪಡಿಸುವವರಿದ್ದಾರೆ. ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೆ ಛತ್ರ ಹಿಡಿದು, ರಸ್ತೆಯ ಬದಿಗೆ ಫ್ಲೆಕ್ಸ್ ಕಟ್ಟಿಸಿ, ಮಕ್ಕಳ ಕೈಯಲ್ಲಿ ಸಾಲ ಮಾಡಿಸುವುದೂ ಶುರುವಾಗಿದೆ. ಆಡಂಬರ ಬೇಡವೆಂಬ ಕುವೆಂಪು ಅವರ ವಿಚಾರವನ್ನು ಆಡಂಬರದ ಮೊದಲ ಅಂಕವಾಗಿ ಬಳಸಿಕೊಳ್ಳುವುದು ಆ ವಿಚಾರಕ್ಕೆ ಮಾಡುವ ಅನ್ಯಾಯ. ಕೂಡಿಟ್ಟ ಹಣವಿದ್ದರೆ ಹೊಸದಾಗಿ ಮದುವೆಯಾದವರು ಅದರಲ್ಲಿ ಒಟ್ಟಿಗೆ ಸಂಗೀತ ಕಲಿಯಬಹುದು, ಊರು ನೋಡಬಹುದು, ಪುಸ್ತಕದ ಕಪಾಟು ಮಾಡಿಸಬಹುದು.

ಸರಳ ಮದುವೆಗೆ ಕಾನೂನಿನ ಬಲವಿಲ್ಲವೇನೋ ಎಂಬ ಅಂಜಿಕೆಯಿಂದ ಹಿಂಜರಿಯುವ ತಂದೆತಾಯಿಯರನ್ನೂ ನಾನು ಕಂಡಿದ್ದೇನೆ. 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನ ಮುಂಚಿತವಾಗಿ ನೋಟಿಸ್ ಕೊಟ್ಟು, 3 ಸಾಕ್ಷಿಗಳ ಎದುರು ವಿವಾಹಾಧಿಕಾರಿಯ ಕಚೇರಿಯಲ್ಲಿ ಮದುವೆಯಾಗಬಹುದು. ಮಂತ್ರ ಮಾಂಗಲ್ಯವನ್ನು ಮನೆಯಂಗಳದಲ್ಲಿ ಇಟ್ಟುಕೊಳ್ಳಲು ಅದರಿಂದ ಯಾವ ಅಡ್ಡಿಯೂ ಇಲ್ಲ. ಕೈ ಚಿಕ್ಕದಿರುವ ಕುಟುಂಬಗಳಿಗೆ ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಉಚಿತ ಸಾಮೂಹಿಕ ವಿವಾಹದ ದಾರಿಯೂ ಇದೆ, ಅಲ್ಲಿ ಮದುವೆಯಾದವರು ತಲೆ ತಗ್ಗಿಸಬೇಕಾದದ್ದು ಏನೂ ಇಲ್ಲ.

ತಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಒಂದು ಪುಟ್ಟ ಅಂಕಣದಷ್ಟು ಜಾಗ ಮಾಡಿ, ಸರಳವಾಗಿ ಮದುವೆಯಾಗಿ ಹಲವು ವರ್ಷ ಕೂಡಿ ಬಾಳಿದ ದಂಪತಿಗಳಿಂದ ಅವರ ಮದುವೆಯ ದಿನದ ನೆನಪನ್ನೂ, ಇಬ್ಬರೂ ಸೇರಿ ಬೆಳೆಸಿಕೊಂಡ ಒಂದು ಅಭಿರುಚಿಯನ್ನೂ ಬರೆಯಿಸಿ ಪ್ರಕಟಿಸಬೇಕೆಂದು ನನ್ನ ವಿನಂತಿ. ಮಕ್ಕಳ ಮದುವೆಗೆ ಛತ್ರ ಗೊತ್ತುಮಾಡಲು ಹೊರಟಿರುವ ತಂದೆತಾಯಿಯರು ಅದನ್ನು ಓದುವಂತಾಗಲಿ. ಮೊದಲ ಕಂತಿಗೆ ನಮ್ಮ ನೆರೆಹೊರೆಯ ಕೆಲವು ಹಿರಿಯ ದಂಪತಿಗಳಿಂದ ಬರೆಸಿ ಕಳಿಸುವ ಹೊಣೆಯನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು